ಬಲಗಡೆ ಅಂಟಿಸಿದ ಗುಳಿಗೆ

ಮೊನ್ನೆ ಮಗಳಿಗೆಂದು ತಂದ ಮೀನೆಣ್ಣೆ ಗುಳಿಗೆಯ ಡಬ್ಬಿ ತೆರೆದರೆ ಒಂದು ಗುಳಿಗೆ ಒಡೆದು ಅಂಟಂಟಾಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೆಬ್ಬಾಳದ ಹತ್ತಿರವಿದ್ದ ನಮ್ಮ ಹಳೆಯ ಲ್ಯಾಬು, ಸ್ಕ್ಯಾನಿಂಗ್ ಕೋಣೆಯ ಆ ಕೊರೆಯುವ ತಂಪು, ಅಲ್ಲಿನ ಟೆಕ್ನಿಷಿಯನ್ ಸರ್... ಎಲ್ಲ ನೆನಪಾಯಿತು.

2012ರಲ್ಲಿ ನಾನು ಅಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ಲಕ್ವ ಹೊಡೆದವರ ಮಿದುಳು ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದು ನಮ್ಮ ಅಧ್ಯಯನ. ಸರ್ ಎಂಆರ್‌ಐ ತೆಗೆದು ಕೊಡುತ್ತಿದ್ದರು, ನಾನು ಆ ಚಿತ್ರಗಳನ್ನು ಒಂದು ಸಾಫ್ಟ್‌ವೇರಿಗೆ ಹಾಕಿ ವಿಶ್ಲೇಷಿಸುತ್ತಿದ್ದೆ. ಎಲ್ಲೆಲ್ಲಿಯೋ ಇರುವ ಜನ ಸೇರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಸಾಫ್ಟ್‌ವೇರ್ ಅದು. ಒಳಗಿನ ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಸರ್‌ಗೆ ಇದೊಂದು ಸೋಜಿಗ. ಹೆಬ್ಬಾಳ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇದ್ದ ಮನೆತನ ಅವರದು. ಊಟ ಮುಗಿದ ಮೇಲೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು, ಅದು ಏನು, ಇದು ಏಕೆ ಎಂದು ಕೇಳುತ್ತಾ ಕೂರುತ್ತಿದ್ದರು.

ರೋಗಿಯನ್ನು ಯಂತ್ರದೊಳಗೆ ಕಳಿಸುವ ಮೊದಲು ಅವರು ಬಲಗಿವಿಯ ಮೇಲೆ ಒಂದು ಮೀನೆಣ್ಣೆ ಗುಳಿಗೆ ಇಟ್ಟು ಟೇಪು ಅಂಟಿಸುತ್ತಿದ್ದರು. ಚಿತ್ರದಲ್ಲಿ ಅದು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಮಿದುಳಿನ ಎರಡು ಪಾಲೂ ನೋಡಲು ಹೆಚ್ಚುಕಡಿಮೆ ಒಂದೇ, ಬಲಗಡೆ ಯಾವುದೆಂದು ಹೇಳುವುದು ಆ ಚುಕ್ಕೆ. ನಾನು ಅದನ್ನು ನೋಡುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಅವರು ನನ್ನ ಪರದೆಯತ್ತ ಬಗ್ಗಿದರು.

"ಈ ಚುಕ್ಕೆ ಎಡಗಡೆ ಕಾಣ್ತೈತಲ್ಲಮ್ಮ. ನಾನು ಅಂಟ್ಸಿದ್ದು ಬಲಗಡೆ."

ನೀವೇ ಮರೆತು ಆ ಕಡೆ ಅಂಟಿಸಿರಬೇಕು ಎಂದೆ. ಅವರು ವಾದಿಸಲಿಲ್ಲ. ಮರುದಿನ ನನ್ನ ಕೈಯಲ್ಲೇ ಗುಳಿಗೆ ಕೊಟ್ಟು, ತಮ್ಮ ಬಲಗಿವಿಯ ಮೇಲೆ ಅಂಟಿಸಲು ಹೇಳಿ, ತಾವೇ ಯಂತ್ರದೊಳಗೆ ಮಲಗಿ, ಜೊತೆಯ ಟೆಕ್ನಿಷಿಯನ್ ಕೈಲಿ ಚಿತ್ರ ತೆಗೆಸಿದರು. ನನ್ನ ಪರದೆಯಲ್ಲಿ ಚುಕ್ಕೆ ಎಡಕ್ಕೇ ಬಂತು. ನಮ್ಮ ಹಳೆಯ ಯಂತ್ರದ ಚಿತ್ರಗಳನ್ನು ತೆರೆಯುವಾಗ ಸಾಫ್ಟ್‌ವೇರ್ ಎಡ-ಬಲ ಅದಲುಬದಲು ಮಾಡುತ್ತಿತ್ತು. ನಮ್ಮ ಪ್ರಬಂಧ ಪ್ರಕಟಣೆಗೆ ಹೋಗಲು ಎರಡೇ ವಾರ ಉಳಿದಿತ್ತು. ಎಲ್ಲವನ್ನೂ ಮೊದಲಿಂದ ಮಾಡಿದೆ. ಆ ತಪ್ಪಿನ ವಿವರವನ್ನು ಸಾಫ್ಟ್‌ವೇರ್ ಬರೆದವರಿಗೂ ಕಳಿಸಿದೆ. ಅವರು ಅದನ್ನು ಸರಿಪಡಿಸಿ, ತಪ್ಪು ಹಿಡಿದವರೆಂದು ಕೃತಜ್ಞತೆಯ ಪಟ್ಟಿಯಲ್ಲಿ ಒಂದು ಹೆಸರು ಸೇರಿಸಿದರು. ನನ್ನ ಹೆಸರು. ಪತ್ರದಲ್ಲಿ ನಾನು ಸರ್ ವಿಷಯ ಬರೆದೇ ಇರಲಿಲ್ಲ.

ಮರೆತೆನೆಂದು ಬಹಳ ದಿನ ನನಗೇ ಹೇಳಿಕೊಂಡೆ. ಮರೆತಿರಲಿಲ್ಲ. ಆ ಪಟ್ಟಿ ತೋರಿಸಿ ಒಳ್ಳೆಯ ಕೆಲಸಕ್ಕೆ ಅರ್ಜಿ ಹಾಕುವ ಆಸೆಯಿತ್ತು, ಕೆಲಸ ಸಿಕ್ಕಿತು ಕೂಡ. ಲ್ಯಾಬು ಬಿಡುವ ದಿನ ಸರ್ ಹೇಳಿದರು:

"ನಿನ್ನ ಹೆಸ್ರು ನೋಡ್ದೆ ಕಣಮ್ಮ. ಚೆನ್ನಾಗೈತೆ."

ಅಷ್ಟೇ. ಅದರಲ್ಲಿ ನೋವಿತ್ತೇ, ನಿಜವಾದ ಸಂತೋಷವೇ... ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ನನ್ನ ಮನೆ ಯಲಹಂಕದಲ್ಲಿ. ಹೆಬ್ಬಾಳ ಅರ್ಧ ಗಂಟೆಯ ದಾರಿ, ಆದರೂ ಏಳು ವರ್ಷ ಹೋಗಲಿಲ್ಲ. ಮೊನ್ನೆ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದರೆ, ಸರ್ ತೀರಿಕೊಂಡು ಎರಡು ವರ್ಷವಾಯಿತು ಎಂದಳು. ಅಂದೇ ಕೂತು, ನಡೆದದ್ದನ್ನು ನಡೆದ ಹಾಗೆ ಬರೆದು, ಪಟ್ಟಿಗೊಂದು ತಿದ್ದುಪಡಿ ಕಳಿಸಿದೆ. ಅದನ್ನು ಈಗ ನೋಡಿಕೊಳ್ಳುತ್ತಿರುವ ಯಾರೋ ಒಪ್ಪಿಕೊಂಡರು. ನನ್ನ ಹೆಸರಿದ್ದ ಕಡೆ ಸರ್ ಹೆಸರು ಬಂತು.

ಭಾನುವಾರ ಅವರ ಮನೆಗೆ ಹೋಗಿ, ಅವರ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿ, ಫೋನಿನಲ್ಲಿ ಆ ಸಾಲು ತೋರಿಸಿದೆ. ಅವರು ಹೆಸರಿನ ಮೇಲೆ ಬೆರಳಿಟ್ಟರು. ಪುಟ ಸರ್ರನೆ ಜಾರಿತು. ಎಲ್ಲಿ ಹೋಯಿತೆಂದು ಗಾಬರಿಯಾದರು. ಮತ್ತೆ ಹುಡುಕಿ ಕೊಟ್ಟೆ. ಈ ಸಲ ಮುಟ್ಟದೆ, ಕನ್ನಡಕ ಮೇಲೆತ್ತಿ, ಬಹಳ ಹೊತ್ತು ನೋಡಿದರು.

"ಅವ್ರಿದ್ದಾಗ ಬಂದಿದ್ರೆ ಚೆನ್ನಾಗಿರ್ತಿತ್ತಮ್ಮ," ಎಂದರು.

ಹೌದು ಎಂದೆ.