ಕೆಂಪು ದೀಪ ಹತ್ತಿದ ಮೇಲೆ ಇನ್ನೆಷ್ಟು ದೂರ?

ಎಂಜಿನ್ ಬಂದ್ ಮಾಡಿದ ಕಾರು ಇಳಿಜಾರಿನಲ್ಲಿ ಓಡುವಾಗ ಎಷ್ಟು ನಿಶ್ಶಬ್ದವಾಗಿರುತ್ತದೆ, ನಿಮಗೆ ಗೊತ್ತೇ? ನನಗೆ ಗೊತ್ತು. ಟೈರಿನ ಸರಸರ, ಕಿಟಕಿಯ ಗಾಳಿ, ಹಿಂದಿನ ಸೀಟಿನಲ್ಲಿ ಕೂತವಳ ಎದೆಬಡಿತ. ಅಷ್ಟೇ. ಎದೆ ನನ್ನದು.

ಹೋದ ಭಾನುವಾರದಿಂದ ನನ್ನ ಬಲಗಾಲು ನನ್ನ ಮಾತು ಕೇಳುತ್ತಿಲ್ಲ. ಅನ್ನಕ್ಕಿಟ್ಟು ಒಲೆಯ ಮುಂದೆ ನಿಂತಿರಲಿ, ತರಗತಿಯಲ್ಲಿ ಹಾಜರಿ ಕೂಗುತ್ತಿರಲಿ, ಇದ್ದಕ್ಕಿದ್ದಂತೆ ನೆಲವನ್ನು ಒತ್ತಿ ಹಿಡಿಯುತ್ತದೆ. ಅಲ್ಲಿಲ್ಲದ ಬ್ರೇಕು. (ಕಾರು ಓಡಿಸಲು ನನಗೆ ಬರುವುದಿಲ್ಲ. ಕಾಲಿಗೆ ಈ ವಿಷಯ ತಿಳಿದಂತಿಲ್ಲ.)

ಗುಡೇಕೋಟೆಯಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯವಿತ್ತು. ಹಗರಿಬೊಮ್ಮನಹಳ್ಳಿಯಿಂದ ನಾವು ಮೂವರು ಹೋಗಿದ್ದೆವು. ಕಾರು ನನ್ನ ಸೋದರಮಾವನದು. ಸ್ಟೀರಿಂಗ್ ಹಿಂದೆ ಮಾವ, ಪಕ್ಕದಲ್ಲಿ ಅವರ ಹೆಂಡತಿ ಅತ್ತೆ, ಹಿಂದೆ ನಾನು. ಬರುವಾಗ ನನ್ನ ಜೊತೆಗೆ ಒಂದು ಡಬ್ಬಿ ಹೋಳಿಗೆ.

ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ರಿಟೈರ್ ಆಗುವವರೆಗೂ ಅವರು ಮನೆಮನೆ ತಿರುಗಿ ಕರೆಂಟ್ ಮೀಟರ್ ಓದಿದವರು. ಇಂಥವರು ಮೀಟರನ್ನು ನಂಬುತ್ತಾರೆ ಎಂದುಕೊಂಡಿರಾ? ಪೂರ್ತಿ ಉಲ್ಟಾ. ನಿಂತ ಮೀಟರು, ಹುಚ್ಚೆದ್ದು ಓಡುವ ಮೀಟರು, ಒಳಗೆ ಇರುವೆ ಗೂಡು ಕಟ್ಟಿದ ಮೀಟರು, ಎಲ್ಲವನ್ನೂ ನೋಡಿ ನೋಡಿ, ಗಾಜಿನ ಹಿಂದಿರುವ ಯಾವ ಅಂಕಿಯೂ ಅವರ ಪಾಲಿಗೆ ಬರೀ ಒಂದು ಅಭಿಪ್ರಾಯ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಥರ್ಮಾಮೀಟರ್ ಇಟ್ಟು ನೋಡಿದ ಮೇಲೂ ಮಾವ ಹಣೆ ಮುಟ್ಟುತ್ತಾರೆ. ತೀರ್ಪು ಅವರದೇ.

ಪೆಟ್ರೋಲ್ ಬೆಳಗ್ಗೆಯೇ ಕಡಿಮೆಯಿತ್ತು. ಹೋಗುವಾಗ ಕೂಡ್ಲಿಗಿಯಲ್ಲಿ ಮಾವ ಯಾವಾಗಲೂ ಹಾಕಿಸುವ ಬಂಕಿನ ಮುಂದೆ ಉದ್ದನೆಯ ಸಾಲು. ಸ್ವಲ್ಪ ಮುಂದೆಯೇ ಇನ್ನೊಂದು ಬಂಕು ಗಿರಾಕಿಗಳಿಲ್ಲದೆ ಆಕಳಿಸುತ್ತಿತ್ತು. ಅಲ್ಲಿ ಹಾಕಿಸುವುದುಂಟೇ? ನಮ್ಮ ಜನ ಹಲ್ಲಿನ ಡಾಕ್ಟರನ್ನು ಬೇಕಾದರೆ ಬದಲಾಯಿಸುತ್ತಾರೆ, ಬಂಕನ್ನಲ್ಲ. "ಬರೋವಾಗ ಹಾಕ್ಸೋಣ ಬಿಡು" ಎಂದರು ಮಾವ.

ಬರುವಾಗ, ಮಧ್ಯಾಹ್ನದ ಊಟ ಮುಗಿಸಿ ಗುಡೇಕೋಟೆ ಬಿಡುತ್ತಿದ್ದಂತೆ, ಕೆಂಪು ದೀಪ ಹತ್ತಿತು.

"ಲೈಟ್ ಹತ್ತೇತಲ್ರಿ" ಎಂದರು ಅತ್ತೆ.

"ಹತ್ತಲಿ. ಅದರ ಕೆಲಸ ಅದು."

"ಮತ್ತ ನಿಮ್ಮ ಕೆಲಸ?"

"ಓಡ್ಸೋದು."

ರಸ್ತೆ ಬದಿಯ ಅಂಗಡಿಯೊಂದರ ಮುಂದೆ ಬಾಟಲಿಗಳಲ್ಲಿ ಪೆಟ್ರೋಲ್ ಸಾಲಾಗಿ ಇಟ್ಟಿದ್ದರು. ಅತ್ತೆ ಬೆರಳು ತೋರಿಸಿದರು. "ಒಂದ್ ಬಾಟ್ಲಿ ಹಾಕ್ಸ್ರಿ. ಜೀವಕ್ಕ ಸಮಾಧಾನ."

"ಬಾಟ್ಲಿ ಬೈಕಿನವ್ರಿಗೆ. ಕಾರಿಗೆ ಬಾಟ್ಲಿ ಕುಡಿಸಿದ್ರ ಮಂದಿ ನಗ್ತಾರ. ಕಂಪನಿಯವ್ರು ಹೆದರ್ಸಾಕಂತ ಲೈಟ್ ಇಟ್ಟಿರ್ತಾರ. ಹತ್ತಿದ ಮ್ಯಾಲೂ ಐವತ್ತು ಕಿಲೋಮೀಟರ್ ಗ್ಯಾರಂಟಿ ಹೋಗ್ತೈತಿ."

ನಾನು ಹಿಂದಿನಿಂದ ಕೇಳಿದೆ: "ಯಾವಾಗಾದ್ರೂ ಪೂರ್ತಿ ಖಾಲಿಯಾಗಿ ದಾರ್ಯಾಗ ನಿಂತೇತಾ, ಮಾವ?"

"ಒಂದ್ ಸಲಾನೂ ಇಲ್ಲ" ಎಂದರು ಹೆಮ್ಮೆಯಿಂದ.

ಸ್ವಲ್ಪ ಯೋಚಿಸಿ ನೋಡಿ. ಕಾರು ಎಲ್ಲಿ ನಿಲ್ಲುತ್ತದೆಂದು ಖಚಿತವಾಗಿ ಹೇಳಬಲ್ಲವನು ಯಾರು? ಒಮ್ಮೆಯಾದರೂ ನಿಂತು, ಖಾಲಿ ಕ್ಯಾನು ಹಿಡಿದು ನಡೆದವನು. ಒಂದು ಸಲವೂ ನಿಂತಿಲ್ಲವೆಂದರೆ ಮಾವನಿಗೆ ಗೊತ್ತಿದ್ದದ್ದು ಏನು? ಇಲ್ಲಿಯವರೆಗೂ ನಿಂತಿಲ್ಲ ಎಂಬುದು ಮಾತ್ರ. ಇದನ್ನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಎಂ.ಎ. ಮಾಡಿದ ಸೋದರಸೊಸೆಯಾದರೂ ಸೋದರಮಾವನಿಗೆ ಅವರದೇ ಕಾರಿನಲ್ಲಿ ಕೂತು ತರ್ಕ ಹೇಳುವುದಕ್ಕೆ ಬೇರೆಯೇ ಧೈರ್ಯ ಬೇಕು.

ನಿಜ ಹೇಳಬೇಕೆಂದರೆ ನನಗೂ ಮಜಾ ಬರುತ್ತಿತ್ತು. ಇನ್ನೆಷ್ಟು ದೂರ ಹೋಗಬಹುದೆಂದು ಡ್ಯಾಶ್‌ಬೋರ್ಡಿನಲ್ಲಿ ಅಂಕಿ ಬರುತ್ತದಲ್ಲ, ಅದರ ಮೇಲೆಯೇ ಕಣ್ಣು. ನಲವತ್ತೆರಡು. ಮೂವತ್ತೇಳು. ಮೂವತ್ತು. ಕೊನೆಯ ಓವರಿನ ಕ್ರಿಕೆಟ್ ನೋಡುವವಳಂತೆ ಸೀಟಿನ ತುದಿಗೆ ಬಂದಿದ್ದೆ. ಒಂದು ಹಂತದಲ್ಲಿ ಅಂಕಿಯೇ ಮಾಯವಾಗಿ ಬರೀ ಮೂರು ಗೆರೆ ಉಳಿದವು.

"ನೋಡಿದಿ? ಅದಕ್ಕೂ ಗೊತ್ತಿಲ್ಲ" ಎಂದರು ಮಾವ.

"ಅದಕ್ಕ ಗೊತ್ತಿಲ್ಲ. ನಿಮಗ ಗೊತ್ತೈತಿ" ಎಂದರು ಅತ್ತೆ, ಕಿಟಕಿಯಾಚೆ ನೋಡುತ್ತ.

ಇದು ಮಾವನಿಗೆ ನಾಟಿತೆಂದು ಕಾಣುತ್ತದೆ. ರಸ್ತೆ ಇಳಿಯತೊಡಗಿದಾಗ, "ಈಗ ನೋಡ್ರಿ ಟೆಕ್ನಿಕ್ಕು" ಎಂದವರೇ ಗೇರನ್ನು ನ್ಯೂಟ್ರಲ್‌ಗೆ ತಂದು ಕೀಲಿ ತಿರುಗಿಸಿ ಎಂಜಿನ್ ಆಫ್ ಮಾಡಿದರು. ಎ.ಸಿ. ನಿಂತಿತು. ಸದ್ದು ನಿಂತಿತು. ಕಾರು ಮಾತ್ರ ನಿಲ್ಲಲಿಲ್ಲ.

"ಈಗ ಲೀಟರಿಗೆ ಎಷ್ಟು ಬರ್ತೈತಿ ಹೇಳು" ಎಂದು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಲೆಕ್ಕಾನ ಇಲ್ಲ."

ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿ ತೋರಿಸಿದರು. ಹಿಡಿಯಿತು. ಎರಡನೆಯದರಲ್ಲೂ ಹಿಡಿಯಿತು. ಎಂಜಿನ್ ನಿಂತ ಮೇಲೆ ಬ್ರೇಕಿಗೆ ಉಳಿಯುವ ಸಹಾಯ ಎರಡು ಮೂರು ಸಲ ಒತ್ತುವಷ್ಟು ಮಾತ್ರ, ಆಮೇಲೆ ಪೆಡಲ್ಲು ಕಲ್ಲು ಎಂದು ಮೆಕ್ಯಾನಿಕ್ಕೊಬ್ಬ ನನಗೆ ಹೇಳಿದ್ದು ಸೋಮವಾರ. ಭಾನುವಾರ ಇದು ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡನ್ನೂ ಡೆಮೋಗೆ ಖರ್ಚು ಮಾಡಿಕೊಂಡಿದ್ದೆವು.

ಮೂರನೆಯ ತಿರುವಿನಾಚೆ ರಸ್ತೆ ತುಂಬ ಕುರಿ.

ಒಂದು ಬದಿ ಬಂಡೆ, ಇನ್ನೊಂದು ಬದಿ ಕಲ್ಲುಮುಳ್ಳಿನ ಇಳಿಜಾರು. ಹಿಂಡಿನ ಹಿಂದೆ, ನಮಗೆ ಬೆನ್ನು ಮಾಡಿ, ಒಬ್ಬ ಹೆಂಗಸು. ಎದೆಗವಚಿಕೊಂಡ ಮರಿ, ಕಂಕುಳಲ್ಲಿ ಕೋಲು. ನಡುರಸ್ತೆಯಲ್ಲಿ ಆರಾಮವಾಗಿ ನಡೆಯುತ್ತಿದ್ದಳು. ಯಾಕೆ ನಡೆಯಬಾರದು? ಗಾಡಿ ಬಂದರೆ ಸದ್ದಾಗುತ್ತದೆ, ಸದ್ದಾದರೆ ಬದಿಗೆ ಸರಿಯುವುದು. ಆಕೆ ಹುಟ್ಟಿದಾಗಿನಿಂದಲೂ ಹಾಗೆಯೇ ನಡೆದುಕೊಂಡು ಬಂದಿದೆ.

ಮಾವ ಬ್ರೇಕ್ ಒತ್ತಿದರು. ಕಾರು ಹಾಗೆಯೇ ಹೋಯಿತು.

"ಬ್ರೇಕ್ ಹಿಡೀವಲ್ದು" ಎಂದರು. ಆ ಧ್ವನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಸಣ್ಣ ಹುಡುಗನ ಧ್ವನಿ. ಎರಡೂ ಕೈಯಿಂದ ಸ್ಟೀರಿಂಗ್ ಎಳೆದರು. ಎಂಜಿನ್ನಿಲ್ಲದೆ ಭಾರವಾಗಿದ್ದ ಅದೂ ಬೇಕಾದಷ್ಟು ತಿರುಗಲಿಲ್ಲ. ದಿನಕ್ಕೆ ನಾಲ್ಕು ಪೀರಿಯಡ್ ಕೂಗಿ ಪಾಠ ಮಾಡುವ ನನ್ನ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ, ಬಲಗಾಲು ಮಾತ್ರ ಕಾರಿನ ನೆಲವನ್ನು ಒತ್ತಿ ಹಿಡಿದಿತ್ತು. ಆಕೆಯ ಸೀರೆಯ ಮೇಲಿದ್ದ ತೇಪೆ ಕಂಡಿತು. ನೀಲಿ ಸೀರೆಗೆ ಹಸಿರು ತೇಪೆ. ಅಷ್ಟು ಹತ್ತಿರ.

ಹ್ಯಾಂಡ್‌ಬ್ರೇಕ್ ಎಳೆದದ್ದು ಅತ್ತೆ.

ಒಂದು ದಿನವೂ ಕಾರು ಓಡಿಸದ ಅತ್ತೆ. ಮಾವ ಎಲ್ಲೆಂದರಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಮರೆತು, ಅಡಿಕೆ ಎಲೆ ತರಲು ಇಳಿದುಬಿಡುತ್ತಾರೆ. ಕೂತಲ್ಲಿಂದಲೇ ಅದನ್ನು ಎಳೆದಿಡುವುದು ಹಲವು ವರ್ಷಗಳಿಂದ ಅತ್ತೆಯ ಪಾಲಿಗೆ ಬಂದ ಕೆಲಸ. ಈ ಸಲ ಎರಡೂ ಕೈಯಿಂದ, ಬಾವಿಯಿಂದ ಕೊಡ ಎತ್ತಿದ ಹಾಗೆ ಎಳೆದರು. ಹಿಂದಿನ ಗಾಲಿಗಳು ಕಿರುಚಿದವು. ಹೋಳಿಗೆ ಡಬ್ಬಿ ಹಾರಿ ಮುಂದಿನ ಸೀಟಿಗೆ ಬಡಿಯಿತು. ಕಾರು ಸ್ವಲ್ಪ ವಾರೆಯಾಗಿ ಜಾರಿ ನಿಂತಿತು. ಆ ಕಿರುಚಾಟಕ್ಕೆ ಹೆಂಗಸು ಗಕ್ಕನೆ ತಿರುಗಿದಳು. ಕಂಕುಳಿನ ಕೋಲು ಬಾನೆಟ್ಟಿಗೆ ತಗುಲಿ ಟಣ್ ಎಂದಿತು.

ಹಾರ್ನ್ ಎಂಬುದೊಂದಿದೆ ಎಂದು ಮಾವನಿಗೆ ನೆನಪಾದದ್ದು ಆಗ. ಹೊಡೆದರು.

"ಈಗ್ಯಾಕ ಹೊಡೀತಿ ಯಪ್ಪಾ? ನಿಂತೀಯಲ್ಲ" ಎಂದಳು ಆಕೆ.

ಅವಳು ಕೂಗಾಡಲಿಲ್ಲ. ಮರಿಯನ್ನು ಇನ್ನಷ್ಟು ಒತ್ತಿ ಹಿಡಿದು ಕಿಟಕಿಯ ಬಳಿ ಬಂದಳು. ಮರಿಯ ಕಿವಿಗಳು ನಡುಗುತ್ತಿದ್ದವು.

"ಸಪ್ಪಳ ಇಲ್ದಂಗ ಬಂದೀಯಲ್ಲ. ಗಾಡಿ ಕೆಟ್ಟೈತೇನು?"

"ಇಲ್ಲವ್ವ" ಎಂದರು ಮಾವ. ಸುಳ್ಳು ಹೇಳಲು ಅವರಿಗೆ ತಕ್ಷಣಕ್ಕೆ ಏನೂ ಹೊಳೆದಿರಲಿಕ್ಕಿಲ್ಲ. "ಪೆಟ್ರೋಲ್ ಉಳಸಾಕ ಬಂದ್ ಮಾಡಿದ್ದೆ."

ಆಕೆ ಕಾರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಮಾವನ ಇಸ್ತ್ರಿ ಮಾಡಿದ ಬಿಳಿ ಅಂಗಿ ನೋಡಿದಳು.

"ಉಳೀತಾ?" ಎಂದು ಕೇಳಿದಳು.

ಉತ್ತರಕ್ಕೆ ಕಾಯದೆ ಕುರಿಗಳನ್ನು ಬದಿಗೆ ಹೊಡೆದುಕೊಂಡು ದಾರಿ ಬಿಟ್ಟಳು.

ಮಾವ ಎಂಜಿನ್ ಸ್ಟಾರ್ಟ್ ಮಾಡಿದರು. ಅಷ್ಟು ಹಿತವಾದ ಸದ್ದನ್ನು ನಾನು ಇತ್ತೀಚೆಗೆ ಕೇಳಿಲ್ಲ. ಕೂಡ್ಲಿಗಿಯವರೆಗೂ ಎತ್ತಿನ ಗಾಡಿಯ ವೇಗ.

ಮಾವನನ್ನು ಬೈಯುವುದು ಸುಲಭ. ಆದರೆ ನಮ್ಮಲ್ಲಿ ಕೆಂಪು ದೀಪದ ಮೇಲೆ ಓಡದವರು ಯಾರಿದ್ದಾರೆ? ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ "ಇನ್ನೂ ನಾಲ್ಕು ದಿನ ಬರುತ್ತೆ" ಎನ್ನುತ್ತೇವೆ, ಬೀಗರು ಊಟಕ್ಕೆ ಕೂತಾಗ ಅದು ಆರುತ್ತದೆ. ಫೋನಿನಲ್ಲಿ ಎರಡು ಪರ್ಸೆಂಟ್ ಇಟ್ಟುಕೊಂಡು ಅರ್ಧ ಗಂಟೆ ಹರಟುತ್ತೇವೆ. ಬಿ.ಪಿ. ಮಾತ್ರೆಯ ಹಾಳೆಯಲ್ಲಿ ಒಂದೇ ಉಳಿದಿದ್ದರೆ ಅದನ್ನು ಎರಡು ತುಂಡು ಮಾಡಿ ಎರಡು ದಿನ ದೂಡುತ್ತೇವೆ. (ಇದು ನನ್ನದೇ ಕಥೆ. ಡಾಕ್ಟರಿಗೆ ಹೇಳಬೇಡಿ.) ಮುಗಿಯುವ ಮುನ್ನ ತುಂಬಿಸುವವನನ್ನು ನಾವು ಪುಕ್ಕಲ ಎನ್ನುತ್ತೇವೆ. ಅಂಚಿನವರೆಗೂ ಹೋಗಿ ಬಂದವನು ಜಾಣ. ನಮ್ಮ ಆ ಜಾಣತನದ ದಾರಿಯಲ್ಲಿ ಬೆನ್ನು ಮಾಡಿ ನಡೆಯುತ್ತಿರುವವರಿಗೆ ನಾವು ಯಾವ ಆಟ ಆಡುತ್ತಿದ್ದೇವೆಂದು ತಿಳಿದಿರುತ್ತದೆಯೇ?

ಕೂಡ್ಲಿಗಿ ಬಂತು. ಮಾವನ ಬಂಕೇ. ಟ್ಯಾಂಕ್ ಫುಲ್ ಮಾಡಿಸಿದರು. ಮೂವತ್ತೈದು ಲೀಟರಿನ ಟ್ಯಾಂಕಿಗೆ ಹಿಡಿದದ್ದು ಮೂವತ್ಮೂರೂವರೆ. ಮಾವನ ಮುಖಕ್ಕೆ ನಿಧಾನವಾಗಿ ಬಣ್ಣ ಮರಳಿತು.

"ನೋಡಿದ್ರಾ? ಇನ್ನೂ ಒಂದೂವರಿ ಲೀಟರ್ ಇತ್ತು. ನಾ ಹೇಳಿರಲಿಲ್ಲ?"

ಅಂದರೆ ಮಾವ ಹೇಳಿದ್ದು ಸರಿಯಾಗಿತ್ತು. ಎಂಜಿನ್ ಬಂದ್ ಮಾಡುವ ಅಗತ್ಯವೇ ಇರಲಿಲ್ಲ. ಇದು ಹೊಳೆದ ಕ್ಷಣದಲ್ಲಿ ನನ್ನ ಕಾಲು ಮತ್ತೆ ನೆಲ ಒತ್ತಿತು.

ಅತ್ತೆ ಕೆಂಪಾದ ಅಂಗೈಯನ್ನು ಸೆರಗಿನಲ್ಲಿ ಉಜ್ಜಿಕೊಳ್ಳುತ್ತ ಕೇಳಿದರು: "ಹಂಗಾರ ಬಂದ್ ಮಾಡಿದ್ದು ಯಾಕ್ರಿ?"

ಮಾವ ಬಟ್ಟೆ ತೆಗೆದುಕೊಂಡು ಗಾಜು ಒರೆಸಲು ಇಳಿದರು. ಗಾಜು ಸ್ವಚ್ಛವಾಗಿಯೇ ಇತ್ತು.

ಟ್ಯಾಂಕಿನಲ್ಲಿ ಒಂದೂವರೆ ಲೀಟರ್ ಉಳಿದಿತ್ತೆಂದು ಅಂದಿನಿಂದ ಮಾವ ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ, ಕೇಳಿದವರು ತಲೆದೂಗುತ್ತಿದ್ದಾರೆ. ಆ ಹೆಂಗಸಿಗೂ ನಮ್ಮ ಬಂಪರಿಗೂ ನಡುವೆ ಉಳಿದಿದ್ದು ಒಂದು ಗೇಣು, ಅದನ್ನು ಮಾತ್ರ ಯಾರೂ ಕೇಳುತ್ತಿಲ್ಲ.