ಮಂಗಳವಾರದ ಕತ್ತರಿ

ಮಂಗಳವಾರ ಗಿರಾಕಿಗಳ ಬಟ್ಟೆಗೆ ಕತ್ತರಿ ಹಾಕುವುದಿಲ್ಲ ಎಂಬ ನಿಯಮ ನಮ್ಮ ಮನೆಗೆ ಹೇಗೆ ಬಂತು ಎಂಬುದರಲ್ಲಿ ನನಗೂ ನನ್ನ ಹೆಂಡತಿಗೂ ಒಮ್ಮತವಿಲ್ಲ.

ಕಿರಂಗೂರಿನ ನಮ್ಮ ಮನೆಯ ನಡುಮನೆಯಲ್ಲಿ ಕೂತು ಅವಳು ಕೌದಿ ಹೊಲಿಯುತ್ತಾಳೆ. ಜನ ಹಳೆಯ ಸೀರೆಗಳನ್ನು ಗಂಟು ಕಟ್ಟಿ ಕೊಡುತ್ತಾರೆ. ಗಟ್ಟಿ ಉಳಿದ ಭಾಗಗಳನ್ನು ಕತ್ತರಿಸಿ ಮೇಲಿನ ಪದರಕ್ಕೆ ಜೋಡಿಸುತ್ತಾಳೆ, ಸವೆದು ಮೆತ್ತಗಾದವನ್ನು ಒಳಗೆ ಹಾಸುತ್ತಾಳೆ, ಆಮೇಲೆ ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಕೈಹೊಲಿಗೆ ಹಾಕುತ್ತಾಳೆ. ಸ್ಕೂಟರಿನಲ್ಲಿ ಹೋಗಿ ಗಂಟು ತರುವುದು, ಕೌದಿ ತಲುಪಿಸುವುದು, ಫೋನಿಗೆ ಉತ್ತರ ಕೊಡುವುದು ನನ್ನ ಪಾಲು. ಮೊದಲು ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಇತಿಹಾಸ ಹೇಳುತ್ತಿದ್ದೆ. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಪಾಂಡವಪುರ, ನಾಗಮಂಗಲ ಎಂದು ಸುತ್ತುವ ಈ ಕೆಲಸವೇ ನನಗೆ ಒಗ್ಗಿತು.

ನನ್ನ ನೆನಪಿನ ಪ್ರಕಾರ ಆ ನಿಯಮ ತಂದವರು ಬೆಳಗೊಳದ ಒಬ್ಬ ಅಜ್ಜಿ. ತಮ್ಮ ಅತ್ತೆಯ ಸೀರೆಗಳನ್ನು ಕೊಡುವಾಗ, "ಮಂಗ್ಳಾರ ಮಾತ್ರ ಕತ್ರಿ ಮುಟ್ಟಿಸ್ಬ್ಯಾಡಿ ಕಣಪ್ಪ. ಬದುಕಿದ್ದಾಗ್ಲೇ ಆವಮ್ಮನ್ ಕೋಪ ತಡ್ಯಕ್ಕಾಗ್ತಿರ್ನಿಲ್ಲ" ಎಂದಿದ್ದರು. ಅವರು ಕೂತಿದ್ದ ಜಗಲಿ, ಮಡಿಲಲ್ಲಿದ್ದ ಅವರೆಕಾಯಿಯ ಮೊರ ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಹೆಂಡತಿ ಒಪ್ಪುವುದಿಲ್ಲ. ಆ ಅಜ್ಜಿ ಹೇಳಿದ್ದು ಅಮಾವಾಸ್ಯೆಯ ಬಗ್ಗೆ, ಮಂಗಳವಾರ ಅಂದದ್ದು ನನ್ನ ತಾಯಿ ಎನ್ನುತ್ತಾಳೆ. ನನ್ನ ತಾಯಿ ಅಂಥದ್ದನ್ನು ಹೇಳಿದ ನೆನಪೇ ನನಗಿಲ್ಲ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಆ ಸಾಕ್ಷಿ ನಾನೇ ಆದಾಗ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ಹೇಗೋ ಮಂಗಳವಾರ ಗಿರಾಕಿಗಳ ಕೆಲಸಕ್ಕೆ ಪೂರ್ತಿ ಬಿಡುವಾಯಿತು. ಹೆಂಡತಿ ಆ ದಿನ ತನ್ನದೇ ಕೌದಿಯೊಂದನ್ನು ಹಿಡಿದಳು. ಅವಳ ತಾಯಿಯ ನೂಲಿನ ಸೀರೆಗಳು ಟ್ರಂಕಿನಲ್ಲಿದ್ದವು. ಗಿರಾಕಿಗಳು ಕೇಳುವ ಚೌಕಗಳನ್ನು ಬಿಟ್ಟು, ಬಣ್ಣದ ಪಟ್ಟಿಗಳನ್ನು ನಾಲೆಯ ಹಾಗೆ ತಿರುಗಿಸಿ ತಿರುಗಿಸಿ ಜೋಡಿಸುತ್ತ ಹೋದಳು. ಸರಿ ಕಾಣದಿದ್ದರೆ ಬಿಚ್ಚುತ್ತಿದ್ದಳು. ಗಿರಾಕಿಯ ಕೆಲಸದಲ್ಲಿ ಬಿಚ್ಚುವುದೆಂದರೆ ನಷ್ಟ. ಇಲ್ಲಿ ಬಿಚ್ಚುವಾಗಲೂ ಗುನುಗುತ್ತಿದ್ದಳು.

"ನಿನ್ನ ಬಟ್ಟೆಗೆ ಮಂಗಳವಾರ ಇಲ್ವೇನು?" ಎಂದು ಕೇಳಿದೆ.

"ನಮ್ಮವ್ವ ನಂಗೇನೂ ಮಾಡಕಿಲ್ಲ ಬುಡಿ. ಮಾಡುದ್ರೆ ನಿಮ್ಗೇಯ" ಎಂದಳು.

ಚಳಿ ಶುರುವಾಯಿತೆಂದರೆ ಕೌದಿಗೆ ಬೇಡಿಕೆ ಏರುತ್ತದೆ. ಆ ವರ್ಷ ನಾಗಮಂಗಲದಿಂದ ಒಂದು ಗಂಟು ಬಂತು. ಕೊಟ್ಟವರು ಪ್ರೌಢಶಾಲೆಯ ಮೇಡಂ. ಬಾಣಂತನ ಮುಗಿಸಿಕೊಂಡ ಮಗಳು ಮಗುವಿನ ಜೊತೆ ಗಂಡನ ಮನೆಗೆ ಹೊರಡುವವಳಿದ್ದಳು. ಅಷ್ಟರೊಳಗೆ ಮೇಡಂ ಅವರ ಅತ್ತೆಯ ಸೀರೆಗಳಿಂದ ಒಂದು ಕೌದಿ ಆಗಬೇಕಿತ್ತು. ಮುಂದಿನ ಭಾನುವಾರ ಕೊಡುತ್ತೇವೆ ಎಂದಿದ್ದೆ. ಪ್ರಯಾಣ ಶುಕ್ರವಾರಕ್ಕೇ ಬಂತು, ಗುರುವಾರವೇ ಬೇಕು ಎಂದು ಅವರು ಫೋನ್ ಮಾಡಿದರು.

"ಮಂಗಳವಾರ ನಾವು ಕತ್ತರಿ ಹಾಕಲ್ಲ ಮೇಡಂ. ಒಂದು ದಿನ ಹೋಗ್ತದೆ."

"ಅಯ್ಯೋ ಸಾರ್, ನಾವದ್ನೆಲ್ಲ ನಂಬಕಿಲ್ಲ. ನೀವ್ ಧಾರಾಳವಾಗಿ ಹಾಕಿ."

ನಾನೂ ನಂಬುವುದಿಲ್ಲ. ತರಗತಿಯಲ್ಲಿ ಶಕುನ, ರಾಹುಕಾಲಗಳ ಬಗ್ಗೆ ತಮಾಷೆ ಮಾಡಿ ಹುಡುಗರನ್ನು ನಗಿಸಿದವನು. ಈಗ ಫೋನಿನಲ್ಲಿ ಗಂಭೀರವಾಗಿ, "ನಮ್ಮ ಮನೆ ಪದ್ಧತಿ ಮೇಡಂ, ಹಿರಿಯರಿಂದ ಬಂದದ್ದು" ಎಂದೆ. ಆ ನಾಲ್ಕು ಮಾತಿಗೆ ಹೆಂಡತಿ ಒಳಗಿನಿಂದ ಇಣುಕಿ ನನ್ನ ಮುಖ ನೋಡಿ ಹೋದಳು.

ಮಂಗಳವಾರ ಮಧ್ಯಾಹ್ನ ಮೇಡಂ ನಮ್ಮ ಬಾಗಿಲಲ್ಲಿ ನಿಂತಿದ್ದರು. ಮೈಸೂರಿಗೆ ಹೋಗುವವರು ಕೆಲಸ ಎಲ್ಲಿಗೆ ಬಂತೆಂದು ನೋಡಲು ದಾರಿಯಲ್ಲಿ ಇಳಿದಿದ್ದರು. ಹೆಂಡತಿ ನೆಲದ ಮೇಲೆ ತನ್ನ ಕೌದಿಯನ್ನು ಹರಡಿಕೊಂಡು, ತಾಯಿಯ ಕಂದು ಸೀರೆಯ ಅಂಚನ್ನು ಕರಕರ ಕತ್ತರಿಸುತ್ತಿದ್ದಳು. ಮೇಡಂ ಕೊಟ್ಟ ಸೀರೆಗಳು ಪಕ್ಕದ ಕುರ್ಚಿಯ ಮೇಲೆ ಮಡಿಚಿದಂತೆಯೇ ಇದ್ದವು.

"ಇವತ್ತು ಕತ್ರಿ ಹಾಕಲ್ಲ ಅಂದ್ರಲ್ಲ ಸಾರ್?"

ಬೇರೆಯವರ ಬಟ್ಟೆಗೆ, ಗಿರಾಕಿಗಳ ಭಾವನೆ ಎಂದು ಏನೋ ಶುರುಮಾಡಿದೆ. ಹೆಂಡತಿ ಕತ್ತರಿ ಕೆಳಗಿಟ್ಟಳು.

"ಇದು ನಂದು ಕಣಕ್ಕ" ಎಂದಳು. "ವಾರವೆಲ್ಲ ಕಂಡೋರ್ ಬಟ್ಟೆ ಒಲಿತೀನಿ. ಇವತ್ತೊಂದಿನ ನಂಗೆ. ಇದ್ನೂ ಬುಟ್ರೆ ಇದು ಯಾವತ್ತೂ ಮುಗಿಯಾಕಿಲ್ಲ."

ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದು ಕೌದಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಒಂದು ಪಟ್ಟಿಯ ಮೇಲೆ ಕೈಯಾಡಿಸಿದರು. "ಇಂಗೆ ನಮ್ಗೂ ಮಾಡ್ಕೊಡಬಹುದಿತ್ತಲ್ಲವ್ವ. ಬೇಕಾದ್ರೆ ಇದ್ನೇ ಕೊಟ್ಬುಡು, ನಮ್ ಬಟ್ಟೆಲಿ ನೀನೊಂದು ಒಲ್ಕೊ."

"ನಿಮ್ಮತ್ತೆ ಸೀರೆ ಒದ್ಕೊಂಡು ನಾನ್ ಮನಿಕೊಳದಾ? ನಿದ್ದೆ ಬಂದಾದಾ ಅಕ್ಕ?"

ಮೇಡಂ ಜೋರಾಗಿ ನಕ್ಕರು. ಅವರತ್ತೆ ಎಂಥವರಿದ್ದರೋ ನನಗೆ ಗೊತ್ತಿಲ್ಲ, ಆದರೆ ಆ ನಗು ಬೇಗ ನಿಲ್ಲಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಮನೆಯೋರ್ ಸ್ವಂತ ಕೆಲ್ಸ ಅದೆ ಅನ್ನಕ್ಕೇನಾಗಿತ್ತು ಸಾರ್? ನಾನೂ ಭಾನುವಾರ ಮಕ್ಕಳ ಪೇಪರ್ ಮುಟ್ಟಕಿಲ್ಲ. ಓದಿರೋರಾಗಿ ದೇವ್ರ ಹೆಸ್ರಲ್ಲಿ ತಪ್ಪಿಸ್ಕೋತೀರಲ್ಲ."

ನಾನು ದೇವರ ಹೆಸರು ಎತ್ತಿರಲಿಲ್ಲ, ಹಿರಿಯರ ಹೆಸರು ಎತ್ತಿದ್ದೆ. ಅದನ್ನು ತಿದ್ದುವ ಸಮಯವಾಗಿರಲಿಲ್ಲ.

ಗುರುವಾರಕ್ಕೆ ಆಗುವುದಿಲ್ಲವೆಂದು ಹೆಂಡತಿ ನೇರವಾಗಿ ಹೇಳಿದಳು. ಮೇಡಂ ಸ್ವಲ್ಪ ಹೊತ್ತು ಮುಖ ಗಂಟಿಕ್ಕಿಕೊಂಡಿದ್ದು, ಮಗಳ ಮನೆಗೆ ಆಮೇಲೆ ತಾವೇ ತೆಗೆದುಕೊಂಡು ಹೋಗುವುದಾಗಿ ಒಪ್ಪಿ, ಭಾನುವಾರಕ್ಕೇ ನಿಲ್ಲಿಸಿದರು. ಕಾಫಿ ಕುಡಿದು ಹೋದರು ಎಂದು ನನ್ನ ನೆನಪು. ಕಾಫಿ ಬೇಡವೆಂದು ಮಜ್ಜಿಗೆ ಕುಡಿದರು ಎನ್ನುತ್ತಾಳೆ ಹೆಂಡತಿ. ಅವಳದೇ ಸರಿ ಇರಬೇಕು. ಕೊಟ್ಟವಳು ಅವಳು.

ಅಲ್ಲಿಂದ ಈಚೆಗೆ ಫೋನಿನಲ್ಲಿ ಹಿರಿಯರನ್ನು ಎಳೆದು ತರುವುದಿಲ್ಲ. ಮಂಗಳವಾರ ಅವಳ ಸ್ವಂತ ಕೆಲಸ ಎನ್ನುತ್ತೇನೆ. ಒಂದಿಬ್ಬರು ಬೇರೆ ಕಡೆ ಹೋದರು. ಪಾಂಡವಪುರದ ಒಬ್ಬಾತ, "ಮನೇಲೇ ಇರೋರ್ಗೆ ಸ್ವಂತ ಕೆಲ್ಸ ಬೇರೆ ಅದಾ ಸಾ?" ಎಂದು ಕೇಳಿದ. ನಾನು ಫೋನ್ ಇಟ್ಟೆ.

ಅವಳ ಕೌದಿ ಸಂಕ್ರಾಂತಿಯ ಆಸುಪಾಸಿನಲ್ಲಿ ಮುಗಿಯಿತು. ಫೋಟೊ ತೆಗೆದು ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಹಾಕೋಣವೆಂದು ಫೋನ್ ಎತ್ತಿದೆ. ಅವಳು ಕೈ ಅಡ್ಡ ಹಿಡಿದಳು.

"ಆಕುದ್ರೆ ನಾಳೆ ಎಲ್ರೂ ಇದ್ನೇ ಕೇಳ್ತಾರೆ. ಇಂಥವೇ ಅತ್ತಾರು ಒಲ್ದ್ ಮೇಲೆ ಇದೂ ನಂಗೆ ಬ್ಯಾಸ್ರ ಆಯ್ತದೆ."

ಫೋನ್ ಜೇಬಿಗೆ ಹಾಕಿಕೊಂಡೆ. ರಾತ್ರಿ ಅವಳು ಹಾಸಿಗೆಯ ಮೇಲೆ ಕೌದಿ ಹರಡಿದಾಗ ಅದರ ಅಗಲ ಮೊದಲ ಬಾರಿಗೆ ನನ್ನ ಗಮನಕ್ಕೆ ಬಂತು. ಇಷ್ಟು ಮಂಗಳವಾರ ಪಕ್ಕದಲ್ಲೇ ಓಡಾಡಿದ್ದರೂ ಅದು ಇಬ್ಬರಿಗಾಗುವಷ್ಟು ಇದೆ ಎಂದೇ ನಂಬಿದ್ದೆ. ಒಬ್ಬರಿಗೆ ಸರಿಯಾಗಿತ್ತು.

"ನಂದು?" ಎಂದೆ.

ಅವಳು ಕತ್ತಿನವರೆಗೆ ಹೊದ್ದು ಗೋಡೆಯ ಕಡೆ ತಿರುಗಿದಳು.

"ಬಟ್ಟೆ ತಂದ್ಕೊಡಿ, ಒಲ್ಕೊಡ್ತೀನಿ. ಮಂಗ್ಳಾರ ಬುಟ್ಟು."