ಆರು ತಿಂಗಳು ಮುಗಿಯದ ಕೋಟು

ನಮ್ಮ ಚಿಕ್ಕಮ್ಮ ಬೀದಿಗಿಳಿದರೆ ಯಾರ ಮನೆ ಮುಂದೆ ನಿಲ್ಲುತ್ತಾಳೆಂದು ಎಲ್ಲರೂ ಕಣ್ಣಿಟ್ಟಿರುತ್ತಿದ್ದರು. ಅವಳು ಆರೋಗ್ಯ ಕೇಂದ್ರದ ಕಾರ್ಯಕರ್ತೆ. ಕ್ಷಯ ಬಂದವರು ದಿನವೂ ಗುಳಿಗೆ ನುಂಗುವುದನ್ನು ಎದುರಿಗೇ ನಿಂತು ನೋಡುವುದು ಅವಳ ಕೆಲಸ. ಜನ ಇಟ್ಟ ಹೆಸರು ಗುಳಿಗೆ ಅಕ್ಕ. ಅವಳ ಗುಳಿಗೆ ಚೀಲ ಹೊಕ್ಕ ಮನೆಯಲ್ಲಿ ನೀರು ಕುಡಿಯಲೂ ಹಿಂಜರಿಯುತ್ತಿದ್ದರು. ಈ ದಡ್ಡತನಕ್ಕೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಹಾಗಾಗಿ ಮೂಲೆಯಂಗಡಿಯ ದರ್ಜಿಗೆ ಕ್ಷಯ ಎಂದು ಗೊತ್ತಾದಾಗ ಅವನು ಮೊದಲು ಹೇಳಿದ್ದು ಇಷ್ಟೇ: "ಅಕ್ಕಾ, ನೀವು ಮಾತ್ರ ಅಂಗಡಿಗೆ ಬರಬೇಡಿ. ಆಮೇಲೆ ನಾನು ಹೊಲಿದ ಬಟ್ಟೆ ಯಾರು ಹಾಕ್ಕೋತಾರೆ?"

ಇನ್ನು ಸೋಂಕು ಹರಡದು ಎಂದು ಡಾಕ್ಟರು ಹೇಳುವವರೆಗೆ ಚಿಕ್ಕಮ್ಮ ಸೊಂಟನೋವಿನ ನೆಪದಲ್ಲಿ ಅವನ ಅಂಗಡಿ ಮುಚ್ಚಿಸಿದಳು. ಅವನ ಹೆಂಡತಿ ಮಕ್ಕಳಿಗೂ ಪರೀಕ್ಷೆ ಮಾಡಿಸಿದಳು. ಅಂಗಡಿ ತೆರೆದ ದಿನ ಚೀಲ ಮನೆಯಲ್ಲೇ ಬಿಟ್ಟು, ತನ್ನ ನೀಲಿ ಸಮವಸ್ತ್ರದ ಕೋಟು ಹಿಡಿದು ಹೊರಟಳು. "ತೋಳು ಬಿಗಿಯಾಗಿದೆ, ಸಡಿಲ ಮಾಡಪ್ಪಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಗುಳಿಗೆ ಕೋಟಿನ ಜೇಬಿನಲ್ಲಿತ್ತು. ಪರದೆಯ ಹಿಂದೆ ಅವನು ನುಂಗಿ, ಬಾಯಿ ತೆರೆದು ತೋರಿಸಿದ. ಮರುದಿನ ತೋಳು ದೊಗಲೆಯಾಯಿತು. ಆಮೇಲೆ ಗುಂಡಿ, ಕಾಲರು, ಮತ್ತೆ ತೋಳು. ದರ್ಜಿ ನಿಜಕ್ಕೂ ಬಿಚ್ಚಿ ಹೊಲಿಯುತ್ತಿದ್ದನಂತೆ. ಸುಳ್ಳಾದರೂ ಕಸುಬು ಕಸುಬೇ ಅಲ್ಲವೇ!

ಮೂರನೇ ತಿಂಗಳಲ್ಲಿ ಎಡವಟ್ಟಾಯಿತು. ಎದುರಿನ ದಿನಸಿ ಅಂಗಡಿಯವನ ಬಾಯಿಗೆ ಬೀಗವಿಲ್ಲ. "ಒಂದು ಕೋಟು ಸರಿ ಮಾಡೋಕೆ ಬರಲ್ಲ ಅವನಿಗೆ" ಎಂದು ಬಂದವರಿಗೆಲ್ಲ ಸಾರಿದ. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು.

"ಮೈ ಹುಷಾರಾಗಿದೆ, ಗುಳಿಗೆ ಸಾಕು, ಬಿಟ್ಬಿಡಿ" ಎಂದು ದರ್ಜಿ ಕೈ ಮುಗಿದ.

"ಈಗ ಬಿಟ್ರೆ ರೋಗ ವಾಪಸ್ ಬರತ್ತೆ, ಆಮೇಲೆ ಗುಳಿಗೆಗೂ ಬಗ್ಗಲ್ಲ. ನಿನ್ನ ಹೆಸರು ಉಳಿಸೋದು ನನಗಿರಲಿ."

ಚಿಕ್ಕಮ್ಮ ನೆಟ್ಟಗೆ ದಿನಸಿ ಅಂಗಡಿಗೆ ಹೋದಳು. "ದರ್ಜಿದೇನೂ ತಪ್ಪಿಲ್ಲ ಕಣಪ್ಪಾ. ನಾನೇ ಒಂದಿನ ಉಬ್ತೀನಿ, ಒಂದಿನ ಇಳೀತೀನಿ. ಬೇರೆಯವರಾಗಿದ್ರೆ ನನ್ನಂಥ ಗಿರಾಕೀನ ಓಡಿಸಿಬಿಡ್ತಿದ್ರು."

ಅಂದಿನಿಂದ ನಗೆಪಾಟಲು ಅವಳದಾಯಿತು, ಗಿರಾಕಿಗಳು ಅವನಿಗೆ ವಾಪಸಾದರು. "ಇವತ್ತು ದಪ್ಪಾನೋ ಸಣ್ಣಾನೋ?" ಎಂದು ಚಿಕ್ಕಪ್ಪನೇ ಛೇಡಿಸುತ್ತಿದ್ದ. ನಾನೂ ಕಡಿಮೆಯೇನಲ್ಲ. ಅವಳು ಗುಟ್ಟು ಬಿಡದೆ ನಮ್ಮೊಂದಿಗೇ ನಗುತ್ತಿದ್ದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ನೋಡಿದ್ದೇ ಕಡಿಮೆ.

ಆರು ತಿಂಗಳು ಮುಗಿದ ಮೇಲೆ ಮಾಡಿದ ಕೊನೆಯ ಪರೀಕ್ಷೆಯಲ್ಲಿ ರೋಗದ ಸುಳಿವೂ ಇರಲಿಲ್ಲ. ಅಂದು ಸಂಜೆ ನಾನೂ ಚಿಕ್ಕಮ್ಮನೂ ದಿನಸಿ ಅಂಗಡಿಯಲ್ಲಿ ಸೋಪು ಕೊಳ್ಳುತ್ತಿದ್ದಾಗ ದರ್ಜಿ ಇಸ್ತ್ರಿ ಮಾಡಿದ ನೀಲಿ ಕೋಟು ಹಿಡಿದು ಬೀದಿ ದಾಟಿ ಬಂದ.

"ಅಕ್ಕ ಉಬ್ಬಿಲ್ಲ, ಇಳಿದಿಲ್ಲ" ಎಂದ, ಎಲ್ಲರಿಗೂ ಕೇಳುವಂತೆ. "ನಂಗೆ ಕ್ಷಯ ಇತ್ತು. ಈ ಕೋಟಲ್ಲಿ ದಿನಾ ಗುಳಿಗೆ ತರ್ತಿದ್ರು. ಈಗ ಪೂರ್ತಿ ವಾಸಿಯಾಗಿದೆ. ನಿಮ್ಮ ಮೈಮೇಲಿರೋ ಬಟ್ಟೆ ನಾನೇ ಹೊಲಿದಿದ್ದು. ಯಾರಿಗಾದ್ರೂ ಏನಾದ್ರೂ ಆಯ್ತಾ?"

ಎಲ್ಲರೂ ತಮ್ಮ ಮೈಮೇಲಿನ ಬಟ್ಟೆ ನೋಡಿಕೊಂಡರು. ನನಗಂತೂ ಚಿಕ್ಕಮ್ಮನ ಮುಖ ನೋಡಲು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ್ದು ಅದೇ ದಿನಸಿ ಅಂಗಡಿಯವನು. ಕೈಯಲ್ಲಿ ಮಡಿಕೆ ಬಿಚ್ಚದ ಹೊಸ ಅಂಗಿ.

"ಅಕ್ಕಾ, ಒಂದು ತಿಂಗಳಿಂದ ಕೆಮ್ಮು ನಿಂತಿಲ್ಲ" ಎಂದ ಮೆಲ್ಲಗೆ. "ನಿಮ್ಮ ಕೋಟಿನ ಹಾಗೆ ಈ ಅಂಗೀನ ದರ್ಜಿಗೆ ಕೊಟ್ಟಿರಲಾ?"

"ಅಂಗಿ ಹಾಕ್ಕೋ. ಮೊದಲು ಕಫ ಪರೀಕ್ಷೆಗೆ ನಡಿ" ಎಂದು ಚಿಕ್ಕಮ್ಮ ಚೀಲ ಎತ್ತಿಕೊಳ್ಳಲು ಹೋದವಳು ತಡೆದು, ಅವನ ಮುಖ ನೋಡಿದಳು.

"ಚೀಲ ತಗೊಳ್ಳಿ, ಪರವಾಗಿಲ್ಲ" ಎಂದ ಅವನು. ಇಬ್ಬರೂ ಬೀದಿಯ ನಡುವೆಯೇ ಹೊರಟರು, ಚೀಲ ಅವಳ ಹೆಗಲ ಮೇಲಿತ್ತು.